ಗೋದಕ್ಕನ ಬಾಣಂತಿ

ಗೋದಕ್ಕನ ಕೆಳದುಟಿ ಎಡಕ್ಕೆ ಜಾರಿತೆಂದರೆ ಯಾರದೋ ಮಾನ ಹೋಯಿತೆಂದೇ ಅರ್ಥ. ಮದುವೆಯೂಟಕ್ಕೆ ಕೂತರೆ ಮೊದಲು ಚಟ್ನಿಯನ್ನು ನೋಡುತ್ತಿದ್ದರು, ತುಟಿ ಜಾರುತ್ತಿತ್ತು, ಬಡಿಸುವವರು ಚಟ್ನಿಯ ಪಾತ್ರೆಯನ್ನು ಒಳಗೊಯ್ಯುತ್ತಿದ್ದರು. ಅವರು ನನ್ನ ಗಂಡನ ಅಕ್ಕ. ಮಕ್ಕಳಾಗಲಿಲ್ಲವೆಂದು ಅವರ ಯಜಮಾನರು ಇನ್ನೊಬ್ಬಳನ್ನು ಕಟ್ಟಿಕೊಂಡಾಗ, ಕಲಬುರಗಿಯಿಂದ ಒಂದು ಟ್ರಂಕು ಹಿಡಿದು ಬಂದು ಹೈದರಾಬಾದಿನ ಕಾಚಿಗೂಡ ಸ್ಟೇಷನ್ನಿನಲ್ಲಿ ಇಳಿದು, ಹಿಮಾಯತ್‌ನಗರದ ನಮ್ಮ ಮನೆ ಸೇರಿದರು. ಆ ಮಹಾನುಭಾವನ ಬಗ್ಗೆ ಜೀವನದಲ್ಲಿ ಆಡಿದ್ದು ಒಂದೇ ಮಾತು: “ಒಂದು ಸಂಸಾರ ನೆಟ್ಟಗ ಮಾಡಾಕ ಬರಲಿಲ್ಲ ಅಂವಗ, ಎರಡನೇದ್ದು ಬೇಕಾತಂತ.”

ನಾನು ಸಿಸ್ಟರ್‌ಗಳ ಕೈಯಲ್ಲಿ ಕಲಿತವಳು, ಫೋರ್ಕಿನಲ್ಲಿ ಬಟಾಣಿ ತಿನ್ನಬಲ್ಲವಳು. ನನ್ನನ್ನು ಅವರು ಕಾನ್ವೆಂಟ್‌ಬಾಯಿ ಎಂದೇ ಕರೆಯುತ್ತಿದ್ದರು. ಫ್ರಾಂಕ್ಲಿ, ಅದು ಹೊಗಳಿಕೆಯಾಗಿರಲಿಲ್ಲ.

ನಮ್ಮ ಕಡೆಯ ಮನೆಗಳಲ್ಲಿ ತೊಟ್ಟಿಲು ಕಾರ್ಯವಿದ್ದರೆ ಅಡುಗೆ ಗೋದಕ್ಕನದೇ. ಆದರೆ ಹೆಂಗಸರು ಕೂಸನ್ನು ತೊಟ್ಟಿಲಿಗೆ ಹಾಕಲು ಸೇರುತ್ತಿದ್ದಂತೆ, “ಒಲಿ ಮ್ಯಾಲೆ ಹಾಲದಾವ್ರಿ” ಎಂದು ಒಳಗೆ ಹೋಗಿಬಿಡುತ್ತಿದ್ದರು. ನಿಲ್ಲಿ ಎಂದವರು ಒಬ್ಬರೂ ಇಲ್ಲ. ನಮ್ಮ ಮಹಿಳಾ ಮಂಡಳಿಯ ಲೇಡೀಸ್ ಬಹಳ ಕಲ್ಚರ್ಡ್. ಗೋದಕ್ಕ ಮಾಡಿದ ಹೋಳಿಗೆ ತಿನ್ನುತ್ತಿದ್ದರು, ತೊಟ್ಟಿಲಿಗೆ ಮಾತ್ರ ಆ ಕೈ ಸೋಕಗೊಡುತ್ತಿರಲಿಲ್ಲ.

ಹೀಗಿರುವಾಗ ಒಂದು ಮೇ ತಿಂಗಳಲ್ಲಿ ಸ್ಪೇನಿನಿಂದ ಎಲೆನಾ ಬಂದಳು. ಮದುವೆಯಾಗದ, ನಲವತ್ತು ದಾಟಿದ ಲೈಬ್ರೇರಿಯನ್. ಇಲ್ಲಿನ ಆಶ್ರಮವೊಂದರಿಂದ ಹೆಣ್ಣುಮಗುವನ್ನು ದತ್ತು ಪಡೆಯಲು ಅಷ್ಟು ದೂರದಿಂದ ಬಂದವಳು. ಕೋರ್ಟಿನ ಆರ್ಡರ್ ಆಗಿತ್ತು. ಮಗುವಿನ ಪಾಸ್‌ಪೋರ್ಟ್ ಬರುವವರೆಗೆ ಇರಲು ಜಾಗ ಬೇಕಿತ್ತು. ಈಗ ಕಾನ್ವೆಂಟಿನಲ್ಲಿ ಸಿಸ್ಟರ್ ಆಗಿರುವ ನನ್ನ ಹಳೆಯ ಕ್ಲಾಸ್‌ಮೇಟ್ ಕೇಳಿದಳೆಂದು ಮುಂದಿನ ಕೋಣೆ ಬಿಟ್ಟುಕೊಟ್ಟೆ. ಗೋದಕ್ಕ ಅವಳ ಮೊಣಕಾಲು ಕಾಣುವ ಚಡ್ಡಿ ನೋಡಿದರು, ತುಟಿ ಜಾರಿತು, ಅಂದಿನಿಂದ ಅವಳು ಯಲ್ಲವ್ವ ಆದಳು.

ಸೋಮವಾರ ಮಗು ಮನೆಗೆ ಬಂತು. ಒಂದೂವರೆ ವರ್ಷದ್ದು, ಕೆಂಡದಂಥ ಸಿಟ್ಟಿನದು. ಎಲೆನಾ ಮಕ್ಕಳನ್ನು ಸಾಕುವ ದಪ್ಪ ಪುಸ್ತಕ ತಂದಿದ್ದಳು, ಪಾಪ. ಮಗು ಅದರ ಮೇಲೆಯೇ ವಾಂತಿ ಮಾಡಿತು. ನಿದ್ದೆಯಿಲ್ಲದೆ ಅವಳ ಕಣ್ಣು ಬಾತುಹೋದವು. ಲಿಫ್ಟಿನಲ್ಲಿ ಸಿಕ್ಕ ಮಂಡಳಿಯ ಪ್ರೆಸಿಡೆಂಟಮ್ಮ, ಹಡೆಯದೇ ತಾಯಿಯಾಗುವುದು ಬಲು ಆರಾಮಪ್ಪ ಎಂದು ನಕ್ಕಳು. ಗೋದಕ್ಕ ಲಿಫ್ಟಿನ ಬಾಗಿಲಿಗೆ ಕೈ ಅಡ್ಡ ಇಟ್ಟರು.

“ನಿದ್ದಿಲ್ಲ, ನೀರಡಿಕಿಲ್ಲ, ನಡ ಬಿದ್ದು ಹೋಗೈತಿ, ಕೂಸು ಹಗಲೂ ರಾತ್ರಿ ಚೀರಾಕತ್ತೈತಿ. ಬಾಣಂತಿ ಆಗಾಕ ಇನ್ನೇನ್ ಬೇಕ್ರಿ ನಿಮಗ?”

ಅಷ್ಟೇ. ಎಲೆನಾ ಬಾಣಂತಿಯಾದಳು. ಹೈದರಾಬಾದಿನ ಮೇ ತಿಂಗಳಲ್ಲಿ, ಐ ಮಸ್ಟ್ ಸೇ, ಅವಳ ಕಿವಿಗೆ ಬಟ್ಟೆ ಕಟ್ಟಿದರು. ಎಣ್ಣೆ ತಿಕ್ಕಿ ಸುಡುಸುಡು ನೀರು ಹೊಯ್ದರು. ಕೊಬ್ಬರಿ, ಉತ್ತತ್ತಿ, ತುಪ್ಪದಲ್ಲಿ ಕರಿದ ಅಂಟು ಹಾಕಿ ಅಂಟಿನುಂಡಿ ಕಟ್ಟಿ ಬಾಯಿಗೆ ತುರುಕಿದರು. ಕೂಸು ಹಿಡಿಯುವ ರೀತಿಯಿಂದ ಹಿಡಿದು ಬಾಗಿದ ಬೆನ್ನಿನವರೆಗೆ ಬೈಗುಳ ಸುರಿಯುತ್ತಲೇ ಇತ್ತು. ದುಭಾಷಿ ನಾನು. ಇಂಗ್ಲಿಷಿಗೆ ತರುವಾಗ ಖಾರವನ್ನೆಲ್ಲ ತೆಗೆದುಬಿಡುತ್ತಿದ್ದೆ. ಎಲೆನಾಗೆ ಅನುಮಾನ: “ಅವರು ಅಷ್ಟು ಹೊತ್ತು ಮಾತಾಡಿದರು, ನೀವು ಹೇಳಿದ್ದು ‘ಯು ಆರ್ ಡೂಯಿಂಗ್ ವೆಲ್’ ಅಷ್ಟೇ?”

ಆ ಶುಕ್ರವಾರವೇ ತೊಟ್ಟಿಲು ಕಾರ್ಯ. ನಡೆಯುವ ಮಗುವಿಗೆ ತೊಟ್ಟಿಲು! ಮಂಡಳಿಯವರು ರೇಷ್ಮೆ ಸೀರೆಯಲ್ಲಿ ಬಂದರು, ಫಾರಿನರ್ ಜೊತೆ ಫೋಟೋ ಸಿಗುತ್ತದಲ್ಲ. ಹೆಂಗಸರು ಸಾಲಾಗಿ ನಿಂತ ಕೂಡಲೇ ಗೋದಕ್ಕ, ಒಲಿ ಮ್ಯಾಲೆ ಹಾಲದಾವ ಎಂದು ಎದ್ದರು. ಪ್ರೆಸಿಡೆಂಟಮ್ಮ ಕೈ ಚಾಚಿದಳು. ಎಲೆನಾ ಮಗುವನ್ನು ಕೊಡಲಿಲ್ಲ. ಬಗಲಲ್ಲಿ ಎತ್ತಿಕೊಂಡು ಗೋದಕ್ಕನ ಹಿಂದೆಯೇ ಅಡುಗೆಮನೆಗೆ ನಡೆದಳು. ನಾನೂ ಹೋದೆ.

ಒಲೆ ಆರಿತ್ತು. ಹಾಲಿನ ಪಾತ್ರೆ ತೊಳೆದು ಬೋರಲು ಹಾಕಿತ್ತು. ಗೋದಕ್ಕ ಕಿಟಕಿಯ ಕಡೆ ಮುಖ ಮಾಡಿ ಸುಮ್ಮನೆ ನಿಂತಿದ್ದರು. ಇಷ್ಟು ವರ್ಷ ಅದೇ ಮನೆಯಲ್ಲಿದ್ದೂ ನಾನು ಆ ಹಾಲನ್ನು ನೋಡಲು ಒಮ್ಮೆಯೂ ಒಳಗೆ ಹೋಗಿರಲಿಲ್ಲ.

ಎಲೆನಾ ಮಗುವನ್ನು ಅವರ ಮುಂದೆ ಹಿಡಿದಳು. ಗೋದಕ್ಕ ಕೈ ಹಿಂದೆ ಕಟ್ಟಿಕೊಂಡರು.

“ನನಗ ಮಕ್ಕಳಿಲ್ಲಂತ ಹೇಳವಾ ಆಕಿಗೆ.”

ಹೇಳಿದೆ. ಆ ಸಲ ಏನನ್ನೂ ತೆಗೆಯಲಿಲ್ಲ. ಎಲೆನಾ ನನ್ನನ್ನು ನೋಡಲೇ ಇಲ್ಲ, ಅವರನ್ನೇ ನೋಡಿ ಅಂದಳು: “ಸೋಮವಾರದ ತನಕ ನನಗೂ ಇರಲಿಲ್ಲ.”

ಅದನ್ನೂ ಹಾಗೆಯೇ ಕನ್ನಡಕ್ಕೆ ತಂದೆ. ಗೋದಕ್ಕ ಸೆರಗಿಗೆ ಕೈ ಒರೆಸಿಕೊಂಡರು. ಮಗುವನ್ನು ಎತ್ತಿಕೊಂಡು, ರೇಷ್ಮೆ ಸೀರೆಗಳ ನಡುವೆ ನೆಟ್ಟಗೆ ನಡೆದು ಹೋಗಿ ತೊಟ್ಟಿಲಲ್ಲಿ ಮಲಗಿಸಿದರು. ಆಮೇಲೆ ತುಟಿ ಎಡಕ್ಕೆ ಜಾರಿತು: “ಕೂಸಿನ ಕಾಲು ಹೊರಗ ಬಂದಾವ. ಎಂಥಾ ತೊಟ್ಟಲಾ ತಂದೀರ್ರಿ?”

ಪ್ರೆಸಿಡೆಂಟಮ್ಮ ಊಟ ಮಾಡದೆ ಹೋದಳು. ಗುಡ್ ರಿಡನ್ಸ್.

ಆಮೇಲಿಂದ ಪ್ರತಿ ಮೇ ತಿಂಗಳು ಸ್ಪೇನಿನಿಂದ ವಿಡಿಯೋ ಬರುತ್ತಿತ್ತು: ತಾಯಿ ಮಗಳು ಅಂಟಿನುಂಡಿ ಕಟ್ಟುವುದು. ಗೋದಕ್ಕ ಕನ್ನಡಕ ಏರಿಸಿ ನೋಡಿ, ಅದು ಉಂಡಿಯೋ, ಒಲೆಗೆ ಹಾಕುವ ಸಗಣಿಯ ಕುಳ್ಳೋ ಎಂದು ಕೇಳುತ್ತಿದ್ದರು. ನಾನು ‘ಲವ್ಲಿ’ ಎಂದು ಬರೆಯುತ್ತಿದ್ದೆ.

ಹೋದ ಚಳಿಗಾಲದಲ್ಲಿ ಗೋದಕ್ಕ ತೀರಿಕೊಂಡರು. ಎಲೆನಾಗೆ ತಿಳಿಸಿದ್ದೆ. ಈ ಮೇ ತಿಂಗಳಲ್ಲೂ ವಿಡಿಯೋ ಬಂತು. ನಾನು ಅಭ್ಯಾಸದಂತೆ ‘ಲವ್ಲಿ’ ಎಂದೆ. ಕೂಡಲೇ ಮಾರುತ್ತರ, ಮಗಳದು: ‘ಪ್ಲೀಸ್, ಏನು ಕೆಟ್ಟಿದೆ ಹೇಳಿ.’

ಕನ್ನಡಕ ಏರಿಸಿ ಮತ್ತೆ ನೋಡಿದೆ. ಅಂಟು ಸೀದಿತ್ತು, ಬೆಲ್ಲ ಕಡಿಮೆಯಾಗಿ ಉಂಡಿಗಳು ಒಡೆಯುತ್ತಿದ್ದವು. ಎಲ್ಲವನ್ನೂ ಬರೆದೆ. ಕೊನೆಗೆ, ಖಾರ ಒಂಚೂರೂ ತೆಗೆಯದೆ, ಕುಳ್ಳು ಎಂದರೇನೆಂಬುದನ್ನೂ ಬರೆದೆ.