ನಂಗೊತ್ತು ಅಂದಳು ಪುಟ್ಟಿ

"'ಮಗುಗೆ ಏನಾಗಿದೆ ಅಂತ ನಮಗೆ ಗೊತ್ತಿಲ್ಲ.' ಈ ಮಾತು ಸುಳ್ಳಾದ್ರೆ ಒಂದು, ಪೂರ್ತಿ ನಿಜ ಆದ್ರೆ ಐದು ಅನ್ನಿ," ಎಂದಳು ನಮ್ಮ ಚಾಮರಾಜಪೇಟೆಯ ಮನೆಗೆ ಕಾಯಿಲೆ ಮಕ್ಕಳ ಅಪ್ಪ-ಅಮ್ಮಂದಿರ ಸರ್ವೆಗೆಂದು ಫಾರಂ ಹಿಡಿದು ಬಂದ ಕಾಲೇಜು ಹುಡುಗಿ. ಮೊಮ್ಮಗಳ ಜ್ವರಕ್ಕೆ ಮೂರು ತಿಂಗಳಾದರೂ ಯಾವ ಡಾಕ್ಟರಿಗೂ ಕಾರಣ ಸಿಕ್ಕಿರಲಿಲ್ಲ. ಮಗಳು ಐದು ಎಂದಳು. ಅಳಿಯಂದಿರೂ ಐದು ಎಂದರು.

"ಅಜ್ಜಿದು ಆರು ಅಂತ ಬರ್ಕೊಳಮ್ಮ," ಎಂದೆ.

"ಇದು ಅಪ್ಪ-ಅಮ್ಮಂಗೆ ಮಾತ್ರ, ಅಜ್ಜಿ," ಎಂದು ಹುಡುಗಿ ನಕ್ಕಳು.

ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ ಏಳು ವರ್ಷದ ಪುಟ್ಟಿ ತಿರುಗದೆಯೇ ಹೇಳಿದಳು: "ನಂದು ಒಂದು. ನಂಗೊತ್ತು. ಹೇಳಿದ್ರೆ ಅಮ್ಮ ಅಳ್ತಾಳೆ."

ಬಂದ ಹಾಗೆಯೇ ಒಂದು ದಿನ ಜ್ವರ ಹೋಯಿತು. ಪುಟ್ಟಿಗೀಗ ಮೂವತ್ತೆರಡು. ಎದುರಿಗೆ ಕೇಳಲಾಗದ್ದನ್ನು ನಾನು ಫೋನಿನಲ್ಲಿ ಟೈಪ್ ಮಾಡಲು ಕಲಿತೊಡನೆ ಕೇಳಿದೆ: "ಅವತ್ತು ಏನೇ ಗೊತ್ತಿತ್ತು ನಿಂಗೆ?" ಅವಳು ಓದಿದಳೆಂದು ನೀಲಿ ಟಿಕ್ಕು ಬಿದ್ದು ವಾರವಾಯಿತು. ಉತ್ತರ ಬಂದಿಲ್ಲ.