ದೃಷ್ಟಿಗೊಂಬೆ ಇಲ್ಲದ ಬಾಗಿಲು

ಸುಣ್ಣದ ಹರಳಿಗೆ ನೀರು ಬಿದ್ದಾಗ ಏಳುವ ಬಿಸಿ ವಾಸನೆ ಈಗ ಸುಲಭಕ್ಕೆ ಸಿಗುವುದಿಲ್ಲ. ಎಲ್ಲರೂ ಡಬ್ಬಿಯ ಬಣ್ಣ ತಂದು ಬಳಿಯುವ ಕಾಲ. ಮೊನ್ನೆ ಚಿಟಗುಪ್ಪದಲ್ಲಿ ನಮ್ಮ ಹಿಂದಿನ ಓಣಿಯಲ್ಲಿ ಯಾರೋ ಹಳೇ ಪದ್ಧತಿಯವರು ಹರವಿಯಲ್ಲಿ ಸುಣ್ಣ ಅರಳಲು ಹಾಕಿದ್ದರು. ಕೊತಕೊತ ಕುದಿಯುವ ಆ ಸದ್ದು, ಮೂಗಿನೊಳಗೆ ಚುರುಕ್ಕೆನ್ನುವ ಆ ಹಬೆ ಕಿಟಕಿ ದಾಟಿ ಬಂದದ್ದೇ ತಡ, ನಾನು ಕೈಯಲ್ಲಿದ್ದ ಅಕ್ಕಿಯ ಮೊರವನ್ನು ಕೆಳಗಿಟ್ಟು ಹಾಗೇ ಕೂತುಬಿಟ್ಟೆ. ಹಳೆಯದನ್ನು ನೆನೆದರೆ ಕಣ್ಣು ತುಂಬಿ ಬರುತ್ತದೆ ಎಂದು ಜನ ಹೇಳುತ್ತಾರೆ. ನನಗೆ ಮೊದಲು ಬಂದದ್ದು ಸಿಟ್ಟು. ಈ ವಯಸ್ಸಿನಲ್ಲೂ ಆರದ ಸಿಟ್ಟು. ಅದರ ಹಿಂದೆಯೇ ಕಲ್ಯಾಣಿಯ ನಮ್ಮ ಮನೆ ಬಂತು, ಅಪ್ಪನ ತಾಯಿ, ನಮ್ಮ ಆಯಿ ಬಂದಳು, ಮೊಣಕೈವರೆಗೆ ಸುಣ್ಣ ಬಳಿದುಕೊಂಡ ನೀಲತ್ತೆ ಬಂದಳು. ನಿಮ್ಮ ಮನೆಯಲ್ಲೂ ಅಂಥ ಒಬ್ಬ ಅತ್ತೆ ಇದ್ದಿರಬೇಕು. ಇದ್ದರೆ ನಾನು ಹೇಳುವುದು ನಿಮಗೆ ತಿಳಿಯುತ್ತದೆ.

ಈಗಿನ ಬಸವಕಲ್ಯಾಣಕ್ಕೆ ಆಗ ಕಲ್ಯಾಣಿ ಎಂದೇ ಹೆಸರು. ನಿಜಾಮನ ರಾಜ್ಯ. ನಮ್ಮದು ಹೊಲ, ದನ, ಧಾನ್ಯ ಎಲ್ಲ ಇದ್ದ ಮನೆ. ಒಳಗೆ ಹೋದರೆ ಕೆತ್ತನೆಯ ಕಂಬದ ಪಡಸಾಲೆ, ಕಲ್ಲು ಹಾಸಿದ ಅಂಗಳ, ಸೇದಿದಷ್ಟೂ ನೀರು ಕೊಡುವ ಬಾವಿ. ಹೊರಗಿನಿಂದ ನೋಡಿದರೆ ಮಾತ್ರ ದೇವರೇ ಗತಿ. ಮೆತ್ತಿದ ಮಣ್ಣು ಉದುರುತ್ತಿರುವ ಗೋಡೆ, ಗೋಡೆಯ ತುಂಬ ತಟ್ಟಿದ ಸಗಣಿಯ ಕುಳ್ಳು, ತಲೆ ಬಗ್ಗಿಸದೆ ದಾಟಲಾಗದ ಗಿಡ್ಡ ಬಾಗಿಲು, ಅದರ ಪಕ್ಕಕ್ಕೆ ಜಾಲಿ ಮುಳ್ಳಿನ ರಾಶಿ. ಇದು ಬಡತನವಲ್ಲ, ನಮ್ಮ ಅಜ್ಜ, ಮುತ್ಯಾನ ಹಂಚಿಕೆ. ಅವನ ಅಪ್ಪನಿಂದ ಬಂದ ಹಂಚಿಕೆ. ಮನೆಯ ಮುಖ ಚೆನ್ನಾಗಿ ಕಂಡರೆ ಬೇಡುವವರು, ಎಳೆಯುವವರು, ಅಳೆಯುವವರು ಎಲ್ಲರೂ ಹುಡುಕಿಕೊಂಡು ಬರುತ್ತಾರೆ ಎಂದು ಅವನು ಹೇಳುತ್ತಿದ್ದ. ಅಷ್ಟು ಸಾಲದೆಂಬಂತೆ ಬಾಗಿಲ ಮೇಲೆ ಒಂದು ಹರಿದ ಚಪ್ಪಲಿಯನ್ನೂ ನೇತುಹಾಕಿದ್ದ, ದೃಷ್ಟಿ ತಾಗಬಾರದೆಂದು. ಆ ಗೋಡೆಗೆ ಯಾರ ದೃಷ್ಟಿ ತಾಗಬೇಕಿತ್ತೋ ನಾ ಕಾಣೆ. ನಮ್ಮ ಓಣಿಯ ಅನುಕೂಲಸ್ಥರೆಲ್ಲ ಹೀಗೇ ಮಾಡುತ್ತಿದ್ದರು. ಒಳಗೆ ಬಂಗಾರ, ಹೊರಗೆ ಕುಳ್ಳು. ಊರವರಿಗೆ ಇದು ಗೊತ್ತಿದ್ದ ವಿಷಯ. ಗೊತ್ತಿಲ್ಲದವರು ಹೊರಗಿನಿಂದ ಬಂದರೆ ಏನು ತಿಳಿದಾರು ಎಂಬ ಯೋಚನೆ ಮಾತ್ರ ಮುತ್ಯಾನಿಗೆ ಬಂದಿರಲಿಲ್ಲ.

ನಾನಿನ್ನೂ ಲಂಗ ತುಳಿದು ಬೀಳುವ ವಯಸ್ಸಿನವಳಿದ್ದಾಗ ನೀಲತ್ತೆಗೆ ಹುಮನಾಬಾದಿನಿಂದ ಸಂಬಂಧ ಬಂತು. ಅಲ್ಲಿಯ ಬಜಾರಿನಲ್ಲಿ ಧಾನ್ಯದ ಅಡತಿ ಅಂಗಡಿ ಇಟ್ಟಿದ್ದ ಸಾವಕಾರ, ತನ್ನ ಕಿರಿಯ ಮಗನಿಗೆ ಹೆಣ್ಣು ನೋಡಲು ಬರುವವನಿದ್ದ. ನೀಲತ್ತೆ ಮುತ್ಯಾನ ಕೊನೆಯ ಮಗಳು. ಎತ್ತರದ ಆಳು, ನಕ್ಕರೆ ಇಡೀ ಪಡಸಾಲೆಗೆ ಕೇಳಬೇಕು. ಅವತ್ತು ಅವಳು ಇಳಕಲ್ ಸೀರೆ ಉಟ್ಟು, ಮಲ್ಲಿಗೆ ಮುಡಿದು ಒಳಗಿನ ಕಿಟಕಿಯ ಹಿಂದೆ ನಿಂತಿದ್ದಳು, ನಾನು ಅವಳ ಸೆರಗು ಹಿಡಿದಿದ್ದೆ. ಆಯಿ ಬೆಳಗಿನಿಂದ ಹೂರಣ ರುಬ್ಬಿ ಹೋಳಿಗೆ ಮಾಡಿದ್ದಳು, ಮನೆಯೆಲ್ಲ ಏಲಕ್ಕಿ, ತುಪ್ಪದ ಘಮ. ಬಂಡಿ ಬಂದು ಬಾಗಿಲ ಮುಂದೆ ನಿಂತಿತು. ಸಾವಕಾರ ಇಳಿಯಲಿಲ್ಲ. ಕೂತಲ್ಲಿಂದಲೇ ಗೋಡೆ ನೋಡಿದ, ಕುಳ್ಳು ನೋಡಿದ, ಆ ಚಪ್ಪಲಿ ನೋಡಿದ. ಆಮೇಲೆ ಸಂಬಂಧ ತಂದ ಮಧ್ಯಸ್ಥನ ಕಡೆ ತಿರುಗಿ, ಓಣಿಗೆಲ್ಲ ಕೇಳುವ ಹಾಗೆ ಕೇಳಿದ:

“ಇದೇನ್ರಿ, ನಮಗ ಹಿತ್ತಲಕ್ಕ ಕರ್ಕೊಂಡು ಬಂದೀರಿ? ಮುಂದಿನ ಬಾಗಲಾ ಎಲ್ಲದ?”

ಇದೇ ಮುಂದಿನ ಬಾಗಿಲು ಎಂದು ಮಧ್ಯಸ್ಥ ತೊದಲಿದ. ಸಾವಕಾರ ನಕ್ಕುಬಿಟ್ಟ. ಮುಂದೇ ಹೀಗಿದ್ದರೆ ಹಿಂದೆ ಹೇಗಿರಬೇಕೋ ಅಂದ. ಬಂಡಿ ತಿರುಗಿಸಲು ಹೇಳಿದ. ಓಣಿಯವರೂ ನಕ್ಕರು, ನಮ್ಮವರೇ, ನಮ್ಮ ಬಾವಿಯ ನೀರು ಕುಡಿದವರೇ. ಮುತ್ಯಾ ಕೈಮುಗಿದುಕೊಂಡು ಹೊರಗೆ ಓಡುವಷ್ಟರಲ್ಲಿ ಬಂಡಿ ಮೂಲೆ ದಾಟಿತ್ತು. ಆ ಮನುಷ್ಯ ನನ್ನ ಅತ್ತೆಯ ಮುಖವನ್ನು ನೋಡಲೂ ಇಲ್ಲ. ಗೋಡೆಯನ್ನು ನೋಡಿ ಹೆಣ್ಣು ಬೇಡವೆಂದು ಹೋದ. ಆಯಿ ಹೋಳಿಗೆಯ ಬುಟ್ಟಿಯನ್ನು ಎತ್ತಿಕೊಂಡು ಹೋಗಿ ದನದ ಗ್ವಾದಲಿಗೆ ಸುರಿದಳು. ನೀಲತ್ತೆ ಮುಡಿದ ಹೂವನ್ನು ತೆಗೆದು ಕಿಟಕಿಯ ಕಟ್ಟೆಯ ಮೇಲಿಟ್ಟಳು. ಅವಳು ಅತ್ತಿದ್ದರೆ ಚೆನ್ನಾಗಿತ್ತು.

ವಾರ ಕಳೆಯುವುದರೊಳಗೆ ನಾವು “ಹಿತ್ತಲ ಮನಿಯವರು” ಆದೆವು. ಬಜಾರಿನಲ್ಲಿ ಹಾಗೇ ಕರೆದರು, ಬಾವಿಯ ಹತ್ತಿರವೂ ಹಾಗೇ ಕರೆದರು. ನೀಲತ್ತೆ ಹಿತ್ತಲ ಮನಿ ಹುಡುಗಿ ಆದಳು. ಆಯಿ ಒಂದು ದಿನ ಮುತ್ಯಾನ ಊಟದ ತಾಟಿನ ಮುಂದೆ ಕೂತು, ಬಡಿಸದೆ, ಹೇಳಿದಳು: “ನಿಮ್ಮ ಅಂಜಿಕಿ ಹೋಗಿ ನನ್ನ ಮಗಳ ಮಾರಿ ಮ್ಯಾಲ ಕುಂತದ. ಈ ಗ್ವಾಡಿ ನಾ ಕೆಡವ್ತೀನಿ.” ಮುತ್ಯಾ ತಾಟು ನೋಡುತ್ತ ಕೂತ. ಬೇಡವೆನ್ನಲಿಲ್ಲ. ಅವನಿಗೂ ಒಳಗೆ ಸುಡುತ್ತಿತ್ತು ಎಂದು ನನಗೆ ಈಗ ಅನ್ನಿಸುತ್ತದೆ.

ಹಾಗೆ ಶುರುವಾಯಿತು ಆ ಕೆಲಸ. ಕುಳ್ಳು ಕಿತ್ತರು, ಮುಳ್ಳು ಸುಟ್ಟರು, ಮಣ್ಣಿನ ಗೋಡೆ ಕೆಡವಿ ಕೆಂಪು ಕಲ್ಲಿನ ಗೋಡೆ ಎಬ್ಬಿಸಿದರು. ಗೋಡೆ ಕಟ್ಟಿದ ಗೌಂಡಿ ಚಾಂದಸಾಬ ನಮ್ಮ ಓಣಿಯವನೇ, ಆಯಿಗೆ ಅಕ್ಕಾ ಎನ್ನುತ್ತಿದ್ದ. ಸುಗ್ಗಿ ಬಂದರೆ ಕೆಲಸ ನಿಲ್ಲುತ್ತಿತ್ತು, ಸುಗ್ಗಿ ಮುಗಿದರೆ ಮತ್ತೆ ಶುರು. ಎತ್ತು ಕಟ್ಟಿ ಗಾಣದಲ್ಲಿ ಸುಣ್ಣ ಮರಳಿನ ಗಚ್ಚು ಅರೆಯುವುದು, ಅದಕ್ಕೆ ಬೆಲ್ಲದ ನೀರು ಬೆರೆಸುವುದು, ಗಡಿಗೆಗಟ್ಟಲೆ ಸುಣ್ಣ ಅರಳಿಸುವುದು. ನಮ್ಮ ಅಂಗಳದಲ್ಲಿ ಅಡಿಗೆಯ ವಾಸನೆಗಿಂತ ಸುಣ್ಣದ ವಾಸನೆಯೇ ಹೆಚ್ಚಾಗಿತ್ತು. ಬೀದಿಯ ಉದ್ದಕ್ಕೂ ಕಟ್ಟೆ ಬಂತು, ಅದರ ಮೇಲಿನ ಕಲ್ಲನ್ನು ಕೂತವರ ಧೋತರ ಜಾರುವಷ್ಟು ನುಣ್ಣಗೆ ಉಜ್ಜಿಸಿದರು. ಗೋಡೆಯಲ್ಲಿ ದೀಪವಿಡಲು ಮಾಡಗಳು ಬಂದವು. ಒಳಮನೆಯ ಕೆತ್ತನೆಯ ಬಾಗಿಲನ್ನು ಕಿತ್ತು ತಂದು ಹೊರಗೆ ಕೂಡಿಸಿದರು, ಅದಕ್ಕೆ ಹಿತ್ತಾಳೆಯ ಉಬ್ಬುಮೊಳೆ, ಗುಬ್ಬಿಗಳನ್ನು ಹೊಡೆಸಿದರು. ಚಾಂದಸಾಬನ ಹೆಂಡತಿ ಕೊಟ್ಟ ಮಲ್ಲಿಗೆಯ ಬಳ್ಳಿ ಬಾಗಿಲ ಎಡಕ್ಕೆ, ಕಣಗಿಲೆ ಬಲಕ್ಕೆ. ಮೇಲೆ ಬಿಳಿ ಸುಣ್ಣ, ತಳಕ್ಕೆ ಕೆಮ್ಮಣ್ಣಿನ ಪಟ್ಟಿ. ಸುಣ್ಣ ಬಳಿಯಲು ನೀಲತ್ತೆ ಆಳನ್ನು ಮುಟ್ಟಗೊಡುತ್ತಿರಲಿಲ್ಲ. ಸೆರಗು ಸಿಕ್ಕಿಸಿ ತಾನೇ ನಿಂತು ಬಳಿಯುತ್ತಿದ್ದಳು, ಕೈಯ ಚರ್ಮ ಸೀಳುವವರೆಗೆ. ಅವಳು ಕುಂಚ ಎಳೆಯುವ ರೀತಿ ನೋಡಿದರೆ ಯಾರದೋ ಕೆನ್ನೆಗೆ ಬಾರಿಸುತ್ತಿರುವ ಹಾಗಿತ್ತು. ಆಯಿ ಕಟ್ಟೆಯ ಮೇಲೆ ಕೂತು ಒಂದೊಂದು ಕಲ್ಲಿಗೂ ಹೇಳುತ್ತಿದ್ದಳು, ಇದು ಅವನ ಕಣ್ಣು ಕುಕ್ಕಲಿ, ಇದೂ ಅವನ ಕಣ್ಣು ಕುಕ್ಕಲಿ ಎಂದು. ನಾನೂ ಅದನ್ನು ಹಾಡಿನ ಹಾಗೆ ಹೇಳಿಕೊಂಡು ಕುಂಟಾಟ ಆಡುತ್ತಿದ್ದೆ.

ಎಲ್ಲ ಮುಗಿದ ಮೇಲೆ ಮುತ್ಯಾ ತನ್ನ ಹಳೇ ಚಪ್ಪಲಿಯನ್ನು ಹುಡುಕಿ ತಂದ. ಅದು ಬೇಡವೆಂದರೆ ಒಂದು ದೃಷ್ಟಿಗೊಂಬೆಯನ್ನಾದರೂ, ಒಂದು ಬೂದುಗುಂಬಳವನ್ನಾದರೂ ಕಟ್ಟೋಣ ಎಂದು ಗೋಗರೆದ. ಇಷ್ಟು ಚಂದದ ಬಾಗಿಲನ್ನು ಹಾಗೆ ಬಿಡಬಾರದು ಎಂದು ಚಾಂದಸಾಬನೂ ಅಂದ. ನೀಲತ್ತೆ ಏಣಿಗೆ ಅಡ್ಡ ನಿಂತಳು. “ದೃಷ್ಟಿ ತಾಗ್ಲಿ ಅಂತೇ ಕಟ್ಟಿದ್ದು ಅಪ್ಪಾ. ಆ ಮನುಷ್ಯ ಬಂದು ಈ ಬಾಗಲಾ ಕಣ್ತುಂಬ ನೋಡೋತನಕ ನಾ ಲಗ್ನಾಗಿ ಯಾ ಬಾಗಲಾನೂ ದಾಟಂಗಿಲ್ಲ.” ಮಾತು ಅಷ್ಟೇ. ಆಮೇಲೆ ಗಂಡುಗಳು ಬಂದವು, ಮನ್ನಾಏಖೇಳ್ಳಿಯಿಂದ ಬಂದವು, ಆಚೆ ಮರಾಠಿ ಸೀಮೆಯಿಂದಲೂ ಬಂದವು. ಕಟ್ಟೆಯ ಮೇಲೆ ಕೂತು ಬಾಗಿಲನ್ನು ಹೊಗಳಿದರು, ಒಳಗೆ ಬಂದು ಹೆಣ್ಣನ್ನು ಹೊಗಳಿದರು. ನೀಲತ್ತೆ ಒಪ್ಪಲಿಲ್ಲ. ಆಯಿ ಮೊದಮೊದಲು ಮಗಳ ಹಟಕ್ಕೆ ಹೆಮ್ಮೆಪಟ್ಟಳು, ಆಮೇಲೆ ಬೇಡಿಕೊಂಡಳು, ಆಮೇಲೆ ಬೇಡುವುದನ್ನೂ ಬಿಟ್ಟಳು. ಕಲ್ಯಾಣಿಯಲ್ಲಿ ದೃಷ್ಟಿಗೊಂಬೆ ಇಲ್ಲದ ಬಾಗಿಲು ಅದೊಂದೇ. ನಮ್ಮ ಹೆಸರು ಬದಲಾಯಿತು, “ಚಂದಬಾಗಲ ಮನಿಯವರು” ಎಂದು. ಆ ಹೆಸರು ಹುಮನಾಬಾದಿನ ತನಕ ಹೋಗಲಿ, ಅವನ ಕಿವಿಗೆ ಬೀಳಲಿ ಎಂದು ನಾವು ಕಾದೆವು. ಕಾಯುತ್ತ ಮುತ್ಯಾ ತೀರಿಕೊಂಡ, ಮಲ್ಲಿಗೆ ಮಾಳಿಗೆ ಏರಿತು, ನೀಲತ್ತೆಯ ಬೈತಲೆಯಲ್ಲಿ ಬಿಳಿ ಎಳೆ ಕಂಡಿತು, ನಾನು ಸೀರೆ ಉಡುವವಳಾದೆ.

ಕೊನೆಗೂ ಅವನು ಬಂದ. ಅತ್ತೆಗಾಗಿ ಅಲ್ಲ, ನನಗಾಗಿ. ಕಲ್ಯಾಣಿಯ ಚಂದಬಾಗಲ ಮನೆಯಲ್ಲಿ ಹೆಣ್ಣಿದೆ ಎಂದು ಯಾರೋ ಹೇಳಿದ್ದರಂತೆ, ಮೊಮ್ಮಗನಿಗೆ ಕೇಳಲು ಹಿರಿಯ ಮಗನೊಡನೆ ಬಂದಿದ್ದ. ಒಂದು ಇಳಿಹೊತ್ತಿಗೆ ಬಂಡಿ ಅದೇ ಜಾಗದಲ್ಲಿ ನಿಂತಿತು. ಆಯಿ ಹೊಸ್ತಿಲಿಗೆ ಬಂದಳು, ನೀಲತ್ತೆ ಅವಳ ಹಿಂದೆ, ನಾನು ಕದದ ಮರೆಗೆ. ಬಿಸಿಲು ನೇರ ಗೋಡೆಗೆ ಬೀಳುತ್ತಿತ್ತು, ಆ ವಾರವಷ್ಟೇ ಸುಣ್ಣ ಬಳಿದಿತ್ತು, ಹಿತ್ತಾಳೆ ಗುಬ್ಬಿಗಳು ಹೊಳೆಯುತ್ತಿದ್ದವು. ಇಂಥ ಒಂದು ಸಂಜೆಗಾಗಿಯೇ ಕಟ್ಟಿದ್ದ ಬಾಗಿಲು. ಮಗ ಕೈಹಿಡಿದು ಇಳಿಸಿದ. ಸಾವಕಾರ ನೆಲವನ್ನು ಊರುಗೋಲಿನಿಂದ ತಡವಿದ. ತಲೆ ಎತ್ತಿ ನಮ್ಮ ಕಡೆ ತಿರುಗಿದ ಅವನ ಎರಡೂ ಕಣ್ಣು ಬೆಳ್ಳಗೆ ಪೊರೆ ಕಟ್ಟಿದ್ದವು.

ಆಯಿಯ ಬಾಯಿಂದ ಏನೋ ಒಂದು ಸದ್ದು ಬಂತು. ಅವಳು ಬೇಡಿದ್ದು ಇದನ್ನೇ ಅಲ್ಲವೇ, ಕಣ್ಣು ಕುಕ್ಕಲಿ ಎಂದು? ಹೊಟ್ಟೆ ತಣ್ಣಗಾಗಬೇಕಿತ್ತು. ಆಗಲಿಲ್ಲ. ಅವನು ನೋಡದೆ ಹೋದರೆ ಆ ಕಲ್ಲು, ಆ ಗಚ್ಚು, ಇಷ್ಟೂ ವರ್ಷ ಯಾರಿಗಾಗಿ? ನನಗೆ ಅಳು ಬಂದಿದ್ದು ಆ ಕ್ಷಣಕ್ಕೆ ಮಾತ್ರ. ಮಗನಾದವನು ಬಾಯಿ ತೆರೆದು ಗೋಡೆಯನ್ನೇ ನೋಡುತ್ತ, ಅಪ್ಪಾ ಎಂಥ ಬಾಗಿಲು ಅನ್ನುತ್ತಿದ್ದ. ಮುದುಕ ಮೂಗು ಅರಳಿಸಿ, ಈ ಓಣಿಗೆ ಹಿಂದೆ ಎಂದೋ ಒಮ್ಮೆ ಬಂದಂತೆ ನೆನಪು, ಯಾತಕ್ಕೆ ಬಂದಿದ್ದೆನೋ ಮರೆತಿದೆ ಎಂದ. ಮರೆತಿದ್ದ! ನನ್ನ ಅತ್ತೆಯ ಹರೆಯವನ್ನು ಆ ಬಂಡಿಯ ಗಾಲಿಗೆ ಹಾಕಿ ಹೋದವನಿಗೆ ನೆನಪೂ ಇರಲಿಲ್ಲ.

ನೀಲತ್ತೆ ಆಯಿಯನ್ನು ದಾಟಿ ಕೆಳಗಿಳಿದಳು. ಮಗನಿಗೆ ಅಲ್ಲೇ ನಿಲ್ಲಲು ಕೈಸನ್ನೆ ಮಾಡಿದಳು. ಸಾವಕಾರನ ಊರುಗೋಲಿನ ಇನ್ನೊಂದು ತುದಿ ಹಿಡಿದು, ಬರ್ರಿ, ನಮ್ಮ ಮನೆ ತೋರಿಸುತ್ತೇನೆ ಅಂದಳು. ಅವನು ಬಂದ. ಕಟ್ಟೆಯ ಕಲ್ಲು ಮುಟ್ಟಿಸಿದಳು. ಮಾಡಗಳ ಅಂಚನ್ನು ಮುಟ್ಟಿಸಿದಳು. ಬಾಗಿಲ ಕೆತ್ತನೆಯ ಮೇಲೆ ಅವನ ಬೆರಳು ಆಡುತ್ತಿದ್ದರೆ ಅವಳು ಆ ಬೆರಳುಗಳನ್ನೇ ನೋಡುತ್ತಿದ್ದಳು. ಹಿತ್ತಾಳೆ ಗುಬ್ಬಿಗಳ ಮೇಲೆ ಕೈ ಬಹಳ ಹೊತ್ತು ನಿಂತಿತು. ಮಲ್ಲಿಗೆ ಬಳ್ಳಿಗೆ ಮುಖ ಒಡ್ಡಿ, ಎಷ್ಟು ಚಂದ ಅದರಿ, ಪುಣ್ಯವಂತರ ಮನಿ ಅಂದ. ಆಮೇಲೆ ಅವನನ್ನು ಒಳಗೆ ಕರೆಯುತ್ತಾಳೆಂದು ನಾವೆಲ್ಲ ತಿಳಿದೆವು. ಅವಳು ಕೋಲು ತಿರುಗಿಸಿ ಪಕ್ಕದ ಸಂದಿಗೆ ನಡೆದಳು. ನಾನು ಒಳಗಿನಿಂದ ಹಿತ್ತಲಿಗೆ ಓಡಿದೆ. ಅಲ್ಲಿ ಬಚ್ಚಲ ನೀರಿನ ಕೆಸರು, ತಿಪ್ಪೆ, ಗಂಜಳ. ಅವನ ಕಾಲಿನ ಜೋಡು ಕೆಸರಿನಲ್ಲಿ ಹೂತಿತು. ಮೂಗಿಗೆ ಧೋತರದ ಚುಂಗು ಹಿಡಿದು, ಎಲ್ಲಿಗೆ ತಂದೆ ತಾಯೀ ಎಂದು ಕೇಳಿದ.

“ಇದು ಹಿತ್ತಲಾ ಅದರಿ,” ಅಂದಳು ನೀಲತ್ತೆ. “ಆಗ ಮುಟ್ಟಿ ನೋಡಿದ್ದು ಮುಂದಿನ ಬಾಗಲಾ. ಕಣ್ಣ ಇದ್ದಾಗ ನಿಮಗ ಫರಕ ತಿಳೀಲಿಲ್ಲ. ಈಗರ ತಿಳೀತೇನ್ರಿ?”

ಆ ಪೊರೆ ಕಣ್ಣುಗಳ ಮೇಲಿನ ಹುಬ್ಬು ಗಂಟಾಯಿತು, ಮೆಲ್ಲಗೆ ಬಿಚ್ಚಿತು. ನೆನಪು ಬಂತೆಂದು ನನಗೆ ತಿಳಿಯಿತು. ಸಂತೋಷವಾಯಿತು ನನಗೆ, ಮುಚ್ಚಿಡುವುದಿಲ್ಲ. ಅವನು ಇನ್ನಷ್ಟು ಆಳಕ್ಕೆ ಹೂತುಹೋಗಲಿ ಅನ್ನಿಸಿತು.

“ಆ ಹುಡುಗಿ ನೀನೇನವ್ವಾ?” ಎಂದ.

“ಹೌದ್ರಿ.”

“ಮತ್ತ ಯಾ ಮನಿಗೆ ಕೊಟ್ರು ನಿನಗ?”

ಅವನು ಅದನ್ನು ಕುಹಕದಿಂದ ಕೇಳಲಿಲ್ಲ. ಏನೋ ಒಂದು ಒಳ್ಳೆಯ ಉತ್ತರ ಸಿಕ್ಕೀತು ಎಂಬ ಆಸೆಯಿಂದ ಕೇಳಿದ. ನೀಲತ್ತೆ ಹಿಡಿದ ಕೋಲನ್ನು ಬಿಟ್ಟಳು.

“ಇದೇ ಮನಿಗೆ,” ಅಂದಳು.

ಮಗ ಬಂದು ಅವನನ್ನು ಕರೆದೊಯ್ದ. ಅಂದು ರಾತ್ರಿ ಆಯಿ ಹೋಳಿಗೆ ಮಾಡಿದಳು, ನಾವೆಲ್ಲ ತಿಂದೆವು, ನೀಲತ್ತೆಯೂ ತಿಂದಳು. ಅವಳು ಹಿಡಿದ ಹಟದ ಮಾತು ತೀರಿತ್ತು, ಇನ್ನು ಯಾವ ಬಾಗಿಲನ್ನಾದರೂ ದಾಟಬಹುದಿತ್ತು. ಯಾರೂ ಬರಲಿಲ್ಲ. ಮರುವರ್ಷ ಚಿಟಗುಪ್ಪಕ್ಕೆ ನನ್ನನ್ನು ಕೊಟ್ಟಾಗ ಆ ಬಾಗಿಲಲ್ಲಿ ನಿಂತು ನನಗೆ ಆರತಿ ಎತ್ತಿದವಳು ಅವಳೇ. ಮುಂದೆ ಎಷ್ಟೋ ದೀಪಾವಳಿಗಳಿಗೆ ಆ ಗೋಡೆಗೆ ಅವಳೇ ಸುಣ್ಣ ಬಳಿದಳು. ಆದರೆ ಕೈಯಲ್ಲಿ ಆ ಹಳೆಯ ಬೀಸು ಇರಲಿಲ್ಲ. ಆಯಿ ಹೋದಳು, ಅಪ್ಪ ಅವ್ವ ಹೋದರು, ಕೊನೆಗೆ ನೀಲತ್ತೆಯೂ ಅದೇ ಬಾಗಿಲಿನಿಂದ ಹೋದಳು. ಮನೆ ಮಾರಾಟವಾಯಿತು.

ಮೊನ್ನೆಯ ಸುಣ್ಣದ ಆ ವಾಸನೆ ಕೂಡಗೊಡಲಿಲ್ಲ, ಮರುದಿನವೇ ಬಸ್ಸು ಹತ್ತಿ ಕಲ್ಯಾಣಿಗೆ ಹೋದೆ. ದೊಡ್ಡ ರಸ್ತೆ ಈಗ ನಮ್ಮ ಹಿತ್ತಲ ಕಡೆಯಿಂದ ಬಂದಿದೆ. ಓಣಿಯ ಮನೆಗಳೆಲ್ಲ ಅತ್ತ ಮುಖ ತಿರುಗಿಸಿವೆ. ತಿಪ್ಪೆಯಿದ್ದಲ್ಲಿ ಕಬ್ಬಿಣದ ಗೇಟು, ಹೂವಿನ ಕುಂಡ, ಬಣ್ಣದ ಗೋಡೆ, ಮೇಲೊಂದು ದೃಷ್ಟಿಗೊಂಬೆ. ನಾನು ಸಂದಿಯಲ್ಲಿ ಹಾದು ಹಳೇ ಓಣಿಗೆ ಹೋದೆ. ನೀಲತ್ತೆಯ ಬಾಗಿಲಿಗೆ ಅಡ್ಡ ಹಲಗೆ ಹೊಡೆದಿದ್ದರು. ಕಟ್ಟೆಯ ಮೇಲೆ ಕಸ ಸುರಿದಿದ್ದರು. ಸೆರಗಿನಿಂದ ಒಂದು ಗುಬ್ಬಿ ಒರೆಸಿದೆ, ಹೊಳೆಯಿತು. ಮಾಳಿಗೆಯ ಮೇಲಿನಿಂದ ಮನೆಯ ಹೆಣ್ಣುಮಗಳು ಬಗ್ಗಿ ನೋಡಿ, ಪಾಪ, ಮರ್ಯಾದೆಯಿಂದಲೇ ಕರೆದಳು.

“ಅದು ಹಿತ್ತಲಾ ಅದರಿ ಅಮ್ಮಾ. ಮುಂದಿನ ಬಾಗಲಿಂದ ಬರ್ರಿ, ಚಾ ಕುಡೀರಿ.”

ನಾನು ಒಲ್ಲೆ ಎಂದೆ. ಆ ಮನೆಯೊಳಗೆ ಹಿತ್ತಲಿಂದ ಹೋಗುವವಳಲ್ಲ ನಾನು. ಕಸ ಸರಿಸಿ, ಕಟ್ಟೆಯ ಮೇಲೆ ಸ್ವಲ್ಪ ಹೊತ್ತು ಕೂತೆ. ಕಲ್ಲು ಇನ್ನೂ ನುಣ್ಣಗೇ ಇತ್ತು. ಬಸ್ಸಿನ ಹೊತ್ತಾದ ಮೇಲೆ ಎದ್ದು ಬಂದೆ.