ನೀರು ಬೇಡದ ಟಿಪ್

ಡಾಕ್ಟರು ನಮ್ಮ ಮನೆಯವರ ಎರಡೂ ಕೈಗಳನ್ನು ಮೇಜಿನ ಮೇಲೆ ಬೋರಲಾಗಿ ಇಡಿಸಿ, ಆಮೇಲೆ ಅಂಗಾತ ಇಡಿಸಿ, ಬಗ್ಗಿ ನೋಡಿದರು. ಬೆರಳ ಸಂದುಗಳಲ್ಲಿ ಚರ್ಮ ಒಡೆದು ಕೆಂಪಾಗಿತ್ತು. ಮಣಿಕಟ್ಟಿನ ಸುತ್ತ ಸಣ್ಣ ಗುಳ್ಳೆಗಳು.

"ಏನು ಕೆಲಸ?"

"ಲೇತ್ ಸಾರ್. ಭದ್ರಾವತೀಲಿ ನಂದೇ ಚಿಕ್ಕ ವರ್ಕ್‌ಶಾಪು."

"ಕೂಲೆಂಟ್ ಮುಟ್ತೀರಲ್ಲ?"

"ಮೂವತ್ತು ವರ್ಷದಿಂದ ಅದ್ರಲ್ಲೇ ಅದ್ದಿಟ್ಟಿದೀನಿ ಸಾರ್ ಕೈನ."

ಲೇತ್ ಯಂತ್ರದಲ್ಲಿ ಉಕ್ಕು ಕಡೆಯುವಾಗ ಕಾಯುವ ಟೂಲಿನ ತುದಿಯ ಟಿಪ್ಪಿನ ಮೇಲೆ ಸುರಿಯುವ ಎಣ್ಣೆನೀರಿಗೆ ಕೂಲೆಂಟ್ ಅನ್ನುತ್ತಾರೆ. ನೋಡಲು ನೀರು ಮಜ್ಜಿಗೆಯ ಹಾಗೆ ಬೆಳ್ಳಗಿರುತ್ತದೆ. ಅದರ ವಾಸನೆ ನನಗೆ ಮದುವೆಯಾದ ವರ್ಷದಿಂದ ಗೊತ್ತು. ಎಷ್ಟು ಸಲ ಒಗೆದರೂ ಅವರ ಅಂಗಿಯ ತೋಳಿನಿಂದ ಹೋಗುವುದಿಲ್ಲ.

"ಮುಲಾಮು ಬರೆದುಕೊಡ್ತೀನಿ. ಆದ್ರೆ ಆ ನೀರು ಬಿಡದೆ ಹಚ್ಚಿದ್ರೆ ದಂಡ. ಗ್ಲೌಸ್ ಹಾಕ್ಕೊಳ್ಳಿ."

"ತಿರುಗೋ ಲೇತ್ ಮುಂದೆ ಗ್ಲೌಸ್ ಹಾಕಿದ್ರೆ, ಗ್ಲೌಸ್ ಜೊತೆ ಕೈನೂ ಎಳ್ಕೊಂಡು ಹೋಗತ್ತೆ ಸಾರ್."

"ಹಾಗಾದ್ರೆ ಲೇತ್ ಬಿಡಿ," ಎಂದರು ಡಾಕ್ಟರು, ಬೇಸರವಿಲ್ಲದೆ, ಬೆಲ್ಲ ಬಿಡಿ ಅಂದಷ್ಟೇ ಸಲೀಸಾಗಿ.

ಸ್ಕೂಟರಿನಲ್ಲಿ ಸವಳಂಗ ರಸ್ತೆಯ ನಮ್ಮ ಮನೆ ತಲಪುವವರೆಗೂ ನನಗೆ ಅದೇ ಯೋಚನೆ. ಹೊಳಲೂರಿನ ಗದ್ದೆ ಬೇಡವೆಂದು ಹದಿನೆಂಟಕ್ಕೇ ಭದ್ರಾವತಿಗೆ ಹೋಗಿ ಲೇತ್ ಕಲಿತು ಟರ್ನರ್ ಆದ ಮನುಷ್ಯ. ಬೇರೆ ಯಾವ ಕೆಲಸದ ಕನಸೂ ಅವರಿಗೆ ಬಿದ್ದದ್ದಿಲ್ಲ.

ನಮ್ಮ ಮಹಡಿಯ ಮೇಲೆ ಬಾಡಿಗೆಗೆ ಇರುವಾಕೆ ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುತ್ತಾರೆ. ನನಗಿಂತ ಹದಿನೈದು ವರ್ಷ ಚಿಕ್ಕವರು. ಬಟ್ಟೆ ಒಣಹಾಕುವಾಗ ಡಾಕ್ಟರ ಮಾತು ಹೇಳಿದೆ. ಅವರು ಕ್ಲಿಪ್ಪನ್ನು ಬಾಯಲ್ಲೇ ಕಚ್ಚಿಕೊಂಡು ಒಂದು ಗಳಿಗೆ ಯೋಚಿಸಿದರು.

"ಅಕ್ಕಾ, ನೀರೇ ಬೇಡದ ಟಿಪ್ ಇದೆ. ನಮ್ಮ ಲ್ಯಾಬಲ್ಲೇ ಮಾಡ್ತಿದೀವಿ. ಸೆರಾಮಿಕ್ಕು, ಅಂದ್ರೆ ಪಿಂಗಾಣಿ ಜಾತಿ. ಅದರ ಹಿಟ್ಟಿನಲ್ಲೇ ಜಾರಿಸೋ ಪುಡಿ ಬೆರೆಸಿ ಸುಟ್ಟಿರ್ತೀವಿ. ಕಾದಾಗ ಆ ಪುಡಿ ಟಿಪ್ಪಿನ ಮೈಮೇಲೆ ಸವರಿಕೊಳ್ಳುತ್ತೆ. ಎಣ್ಣೆ ಹೊರಗಿಂದ ಹಾಕೋದಲ್ಲ, ಒಳಗಿಂದ ಬರೋದು."

ನನಗೆ ಎಳ್ಳಿನ ನೆನಪಾಯಿತು. ಕೈಯಲ್ಲಿ ಹಿಡಿದರೆ ಒಣಗೇ ಇರುತ್ತದೆ. ಒರಳಲ್ಲಿ ಕುಟ್ಟಿದರೆ ಎಣ್ಣೆ ಜಿನುಗುತ್ತದೆ. ಆದರೆ ಕಲ್ಲಿನಂಥ ಪಿಂಗಾಣಿಯಿಂದ ಜಿನುಗುವುದು ಹೇಗೆ? ಅಂದಿನಿಂದ ಆ ಪ್ರಶ್ನೆ ನನ್ನ ತಲೆ ಬಿಡಲಿಲ್ಲ.

ಮನೆಯವರು ನಕ್ಕುಬಿಟ್ಟರು. "ಪಿಂಗಾಣೀಲಿ ಉಕ್ಕು ಕಡೀತಾರಂತೆ! ನಾಳೆ ಕಾಫಿ ಕಪ್ಪಲ್ಲಿ ಸೌದೆ ಒಡೆಯೋಣ ಬಾ ಮಾರಾಯ್ತಿ."

ನಕ್ಕರೂ ಬೇಡವೆನ್ನಲಿಲ್ಲ. ಮಹಡಿಯ ಮೇಡಂ ಎರಡು ಡಬ್ಬಿ ತಂದುಕೊಟ್ಟರು. ಒಂದರಲ್ಲಿ ಜಾರುಪುಡಿ ಕಡಿಮೆ ಬೆರೆಸಿದ ಟಿಪ್‌ಗಳು, ಇನ್ನೊಂದರಲ್ಲಿ ಜಾಸ್ತಿ. ಬೆರಳುಗುರಿನಷ್ಟು ಅಗಲದ ಚೌಕಗಳು, ಇದ್ದಿಲಿನ ಬಣ್ಣ. ಗುರುತು ತಪ್ಪಬಾರದೆಂದು ನಾನು ಕಡಿಮೆಯ ಡಬ್ಬಿಗೆ ಅರಿಶಿನ, ಜಾಸ್ತಿಯ ಡಬ್ಬಿಗೆ ಕುಂಕುಮ ಹಚ್ಚಿದೆ. ಜೊತೆಗೆ ಅಳತೆಗೆರೆಗಳಿರುವ ಒಂದು ಪುಟ್ಟ ಭೂತಗನ್ನಡಿ.

"ಪ್ರತಿ ಐದು ನಿಮಿಷಕ್ಕೆ ನಿಲ್ಲಿಸಿ ಟಿಪ್ಪಿನ ಮೂಲೆ ನೋಡ್ಬೇಕು. ಸವೆದ ಪಟ್ಟಿ ಎಷ್ಟು ಗೆರೆ ಅಗಲ ಇದೆ ಅಂತ ಬರೀಬೇಕು. ಮೂರು ಗೆರೆ ದಾಟಿದ್ರೆ ಆ ಮೂಲೆ ಮುಗೀತು. ಅಣ್ಣ ಬರೀತಾರಾ?"

"ಅವರು ಬರೆಯೋರಲ್ಲ. ನಾನು ಬರೀತೀನಿ," ಎಂದೆ. ಗ್ಯಾಸ್ ಸಿಲಿಂಡರ್ ಹಚ್ಚಿದ ದಿನ, ನಲ್ಲಿಯಲ್ಲಿ ನೀರು ಬಂದ ಹೊತ್ತು, ಹಾಲು ಒಡೆದ ದಿನ, ಎಲ್ಲ ಬರೆದಿಡುವ ಚಟ ನನಗೆ ಮೊದಲಿನಿಂದ ಇದೆ. ಮರುದಿನ ಬುತ್ತಿ ಕಟ್ಟಿಕೊಂಡು, ಹೊಸ ನೋಟ್ ಪುಸ್ತಕ ಹಿಡಿದು, ಅವರ ಹಿಂದೆ ಕೂತು ಭದ್ರಾವತಿಗೆ ಹೊರಟೆ.

ಇಷ್ಟು ವರ್ಷದಲ್ಲಿ ಲೇತ್ ಓಡುವುದನ್ನು ಇಡೀ ದಿನ ಕೂತು ನೋಡಿದ್ದು ಅದೇ ಮೊದಲು. ಲೇತಿಗೆ ಕಟ್ಟಿದ ಉಕ್ಕಿನ ಸರಳು, ಅಂದರೆ ಶಾಫ್ಟು, ತಿರುಗುತ್ತದೆ, ಟಿಪ್ ಅದರ ಮೈಗೆ ತಾಗಿಕೊಂಡು ನಿಧಾನ ಸರಿಯುತ್ತದೆ, ಉಕ್ಕು ತೆಂಗಿನಕಾಯಿ ತುರಿಯ ಹಾಗಲ್ಲ, ಸಿಪ್ಪೆ ಸಿಪ್ಪೆಯಾಗಿ ಸುರುಳಿ ಸುತ್ತಿ ಬೀಳುತ್ತದೆ. ಮನೆಯವರ ಬಲಗಡೆ ಒಂದು ಡಬ್ಬಿ ಕೂಲೆಂಟು, ಅದರಲ್ಲಿ ಒಂದು ಬ್ರಷ್ಷು. ದೊಡ್ಡ ಕಾರ್ಖಾನೆಯಲ್ಲಿ ಪಂಪು ಸುರಿಯುವುದನ್ನು ಇಲ್ಲಿ ಬ್ರಷ್ಷು ಮಾಡುತ್ತದೆ. ಕಣ್ಣು ಶಾಫ್ಟಿನ ಮೇಲೆ, ಎಡಗೈ ಹ್ಯಾಂಡಲಿನ ಮೇಲೆ, ಬಲಗೈ ತನ್ನ ಪಾಡಿಗೆ ತಾನು ಅದ್ದುತ್ತದೆ, ಸವರುತ್ತದೆ. ಕೈ ಒಡೆದದ್ದು ಹೀಗೆ ಎಂದು ಆಗ ತಿಳಿಯಿತು.

ಮೊದಲ ಎರಡು ದಿನ ಅರಿಶಿನದ ಡಬ್ಬಿ. ಲೇತ್ ಹಳೆಯದೆಂದು ಅವರು ನಿಧಾನವಾಗಿ ಓಡಿಸಿದರು. ಟಿಪ್ ಕಿರುಗುಟ್ಟಿತು. ಶಾಫ್ಟಿನ ಮೈ ತರಿತರಿ. ಹದಿನೈದು ನಿಮಿಷಕ್ಕೇ ಮೂರು ಗೆರೆ.

"ನೋಡಿದ್ಯಾ? ನೀರಿಲ್ಲದೆ ಆಗಲ್ಲ. ಇನ್ನೂ ನಿಧಾನ ಮಾಡ್ತೀನಿ ಇರು."

ಇನ್ನೂ ನಿಧಾನ ಮಾಡಿದರೆ ಇನ್ನೂ ಬೇಗ ಸವೆಯಿತು. ಅವರಿಗೆ ಇದು ಅರ್ಥವಾಗಲಿಲ್ಲ. ಟೂಲ್ ಕಾಯದಂತೆ ನೋಡಿಕೊಳ್ಳುವುದೇ ಅವರು ಕಲಿತ ವಿದ್ಯೆ. ನಾನು ಪುಟ ತಿರುವಿ ನೋಡುತ್ತ ಕೂತೆ. ಎಲ್ಲ ಮೂಲೆಗಳಲ್ಲೂ ಮೊದಲ ಐದು ನಿಮಿಷದಲ್ಲೇ ಹೆಚ್ಚು ಸವೆತ, ಆಮೇಲೆ ಸ್ವಲ್ಪ ತಡೆ.

"ರೀ, ಕಾವಲಿ ಕಾಯದೆ ಮೊದಲ ದೋಸೆ ಏಳತ್ತಾ? ಅಂಟ್ಕೊಳತ್ತೆ. ಕಾದ ಮೇಲೆ ತಾನಾಗೇ ಜಾರತ್ತೆ. ಇದೂ ಕಾಯ್ಲಿ ಬಿಡಿ. ಜೋರಾಗಿ ಓಡ್ಸಿ."

"ದೋಸೆ ಹುಯ್ಯೋರೆಲ್ಲ ಟರ್ನರ್ ಆದ್ರು," ಎಂದು ಗೊಣಗಿದರು. ಆದರೂ ಕುಂಕುಮದ ಡಬ್ಬಿಯಿಂದ ಹೊಸ ಟಿಪ್ ಕೂರಿಸಿ, ಲೇತನ್ನು ಅದರ ಕೊನೆಯ ವೇಗಕ್ಕೆ ಹಾಕಿದರು.

ಸದ್ದೇ ಬೇರೆಯಾಯಿತು. ಕಿರುಗುಟ್ಟುವುದು ಹೋಗಿ ಸುಂಯ್ ಎನ್ನುವ ಒಂದೇ ನಾದ. ಸಿಪ್ಪೆಗಳು ನೀಲಿಯಾಗಿ, ಕೆಲವು ತುದಿಯಲ್ಲಿ ಕೆಂಪಾಗಿ ಹಾರಿದವು. ಹತ್ತು ನಿಮಿಷಕ್ಕೂ ಒಂದು ಗೆರೆ ತುಂಬಿರಲಿಲ್ಲ. ನಾನು ಬರೆಯಲು ಬಗ್ಗಿದೆ. ಟಿಕ್ ಎಂದಿತು. ತಲೆ ಎತ್ತಿದರೆ ಟಿಪ್ಪಿನ ಮೂಲೆ ಇರಲಿಲ್ಲ. ಅವರ ಬಲಗೈಯಲ್ಲಿ ಬ್ರಷ್ಷಿತ್ತು. ತುದಿಯಿಂದ ಬೆಳ್ಳಗೆ ತೊಟ್ಟಿಕ್ಕುತ್ತಿತ್ತು.

ಇಬ್ಬರೂ ಬ್ರಷ್ಷನ್ನೇ ನೋಡಿದೆವು. ಕೆಂಪು ಕಂಡ ಕೈ, ತಲೆಯನ್ನು ಕೇಳದೆ ನೀರು ಕೊಟ್ಟಿತ್ತು. ಕಾದ ಪಿಂಗಾಣಿಗೆ ತಣ್ಣೀರು.

"ಅದನ್ನ ಬರೀಬೇಡ," ಎಂದರು ಮೆಲ್ಲಗೆ.

ಅವರ ಮುಖ ನೋಡಿ ನಾನು ಬರೆಯಲಿಲ್ಲ. 'ಹನ್ನೆರಡನೆಯ ನಿಮಿಷ, ಮೂಲೆ ಒಡೆಯಿತು' ಎಂದಷ್ಟೇ ಬರೆದೆ. ಸುಳ್ಳೇನಲ್ಲವಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

ಸಂಜೆ ಮೇಡಂ ನಮ್ಮ ಅಡುಗೆಮನೆಯಲ್ಲಿ ನಿಂತೇ ಪುಸ್ತಕ ಓದಿದರು. ವೇಗ ಹೆಚ್ಚಿಸಿದಾಗ ಸವೆತ ಇಳಿದದ್ದಕ್ಕೆ ಕಣ್ಣರಳಿತು. ಕೆಳಗಿನ ಸಾಲಿಗೆ ಬಂದಾಗ ಮುಖ ಇಳಿಯಿತು. "ಒಡೀತಾ? ನಮಗೂ ಇದೇ ಅನುಮಾನ ಇತ್ತು ಅಕ್ಕಾ. ಜಾರುಪುಡಿ ಹೆಚ್ಚಾದಷ್ಟೂ ಟಿಪ್ಪಿನ ಗಟ್ಟಿತನ ಕಡಿಮೆ ಆಗತ್ತೆ. ಹಾಗಾದ್ರೆ ಈ ಹದ ಕೈಬಿಡ್ತೀವಿ. ಮುಂದಿನ ಸಲ ಕಡಿಮೇದೇ ಮಾಡೋದು."

ಅರಿಶಿನದ ಡಬ್ಬಿಯ ಟಿಪ್‌ಗಳು ಹೇಗೆ ಕಿರುಗುಟ್ಟಿದ್ದವೆಂದು ನನ್ನ ಕಿವಿಗೆ ಗೊತ್ತಿತ್ತು. ನಡುಮನೆಯಲ್ಲಿ ಮನೆಯವರು ಟೀವಿ ಮುಂದೆ ಕೂತು ಬೆರಳಿಗೆ ಮುಲಾಮು ಹಚ್ಚಿಕೊಳ್ಳುತ್ತಿದ್ದರು. ಅವರ ಮರ್ಯಾದೆ ಕಾಯಲು ಹೋಗಿ ಅವರ ಲೇತನ್ನೇ ಕಿತ್ತುಕೊಳ್ಳುತ್ತಿದ್ದೇನೆ ಎನಿಸಿತು. ಮೇಡಂ ಮೆಟ್ಟಿಲು ಹತ್ತಿದ ಮೇಲೆ ಹೋಗಿ ಮನೆಯವರ ಎದುರು ನಿಂತೆ.

"ನಾನು ಮೇಲೆ ಹೋಗಿ ನಿಜ ಹೇಳ್ತೀನಿ."

"ಹೇಳು, ಹೇಳು. ಮೂವತ್ತು ವರ್ಷದ ಟರ್ನರ್‌ಗೆ ಕೈ ಸುಮ್ನೆ ಇಟ್ಕೊಳ್ಳೋಕೆ ಬರಲ್ಲ ಅಂತ ಹೇಳು."

"ಹಂಗೇನೂ ಹೇಳಲ್ಲ. ಕಾದಿರೋದಕ್ಕೆ ತಣ್ಣೀರು ಬಿತ್ತು ಅಂತೀನಿ."

"ಎರಡೂ ಒಂದೇ ಮಾರಾಯ್ತಿ," ಎಂದರು. ಆಮೇಲೆ ಮುಲಾಮಿನ ಮುಚ್ಚಳ ಹಾಕಿ, "ನಡಿ, ನಾನೂ ಬರ್ತೀನಿ," ಎಂದು ಎದ್ದರು.

ಮೇಡಂ ಬೈಯಲಿಲ್ಲ. ಮಂಚದ ಮೇಲೆ ಕುಸಿದು ಕೂತು ನಕ್ಕರು. "ಅಣ್ಣಾ, ನೀವು ಹೇಳದೆ ಇದ್ದಿದ್ರೆ ನಾವು ಆರು ತಿಂಗಳು ತಪ್ಪು ದಾರೀಲಿ ಹೋಗ್ತಿದ್ವಿ." ಕುಂಕುಮದ ಡಬ್ಬಿಯಲ್ಲಿ ಉಳಿದ ನಾಲ್ಕು ಟಿಪ್‌ಗಳನ್ನೂ ನೀರಿಲ್ಲದೆ ಓಡಿಸಿ ನೋಡಲು ಹೇಳಿದರು. ಇದು ಮುಗಿದರೆ ಸದ್ಯಕ್ಕೆ ಇಲ್ಲ ಎಂದರು.

ಮರುದಿನ ಮನೆಯವರು ಮಾಡಿದ ಮೊದಲ ಕೆಲಸವೆಂದರೆ ಬ್ರಷ್ಷನ್ನೂ ಕೂಲೆಂಟ್ ಡಬ್ಬಿಯನ್ನೂ ಪಕ್ಕದ ವರ್ಕ್‌ಶಾಪಿಗೆ ಕೊಟ್ಟುಬಂದದ್ದು. ಆ ಶಾಪಿನವನು ತಮಿಳು ಮನೆಮಾತಿನವನು, ಇಲ್ಲೇ ಹುಟ್ಟಿ ಬೆಳೆದವನು. ಬಾಗಿಲಲ್ಲಿ ನಿಂತೇ ಕೂಗಿದ: "ಏನಣ್ಣಾ, ಸನ್ಯಾಸ ತಗೊಂಡ್ರಾ? ಅಕ್ಕಾ, ನೀವು ಒಪ್ಪಿದ್ರಾ ಇದಕ್ಕೆ?"

"ಮೊದಲು ಬ್ರಷ್ ಬಿಟ್ಟಿದಾರೆ, ಆಮೇಲೆ ನೋಡೋಣ," ಎಂದೆ.

ಲೇತ್ ಕೊನೆಯ ವೇಗದಲ್ಲಿ ತಿರುಗಿತು. ಸಿಪ್ಪೆ ನೀಲಿಯಾಯಿತು, ಕೆಂಪಾಯಿತು. ಅವರ ಬಲಗೈ ಡಬ್ಬಿಯಿದ್ದ ಜಾಗಕ್ಕೆ ಹೋಯಿತು, ಖಾಲಿ ಹಲಗೆ ಮುಟ್ಟಿ ವಾಪಸು ಬಂತು. ಎರಡನೆಯ ಸಲವೂ ಹೋಯಿತು. ಮೂರನೆಯ ಸಲ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಹೆಡ್‌ಮಾಸ್ತರರ ಮುಂದೆ ನಿಂತವರ ಹಾಗೆ ನಿಂತರು. ಐದು ನಿಮಿಷ. ಹತ್ತು. ಇಪ್ಪತ್ತು. ಊಟದ ಹೊತ್ತಾದರೂ ಎರಡು ಗೆರೆ ತುಂಬಿರಲಿಲ್ಲ. ಟಿಪ್ ತಣ್ಣಗಾಗಲು ಬಿಟ್ಟು ಭೂತಗನ್ನಡಿ ಹಿಡಿದೆ. ಸವೆದ ಪಟ್ಟಿಯ ಹಿಂದೆ, ಸಿಪ್ಪೆ ಉಜ್ಜಿಕೊಂಡು ಹೋಗುವ ಕಡೆ, ಮಂಕಾದ ಒಂದು ಕಲೆ ಇತ್ತು. ತುಪ್ಪ ಸವರಿದ ತಟ್ಟೆಯನ್ನು ಒರೆಸಿದ ಮೇಲೆ ಉಳಿಯುತ್ತದಲ್ಲ, ಆ ಬಗೆಯದು.

"ರೀ, ಬಂದಿದೆ ನೋಡಿ. ಒಳಗಿಂದು ಹೊರಗೆ."

ಅವರು ಬಹಳ ಹೊತ್ತು ನೋಡಿದರು. ಶಾಫ್ಟಿನ ಮೇಲೆ ಉಗುರು ಎಳೆದು ನೋಡಿದರು; ಎಲ್ಲೂ ತಡೆಯಲಿಲ್ಲ. "ಪಿಂಗಾಣಿ ಮಗನೇ," ಎಂದರು, ಮೆಚ್ಚಿಕೊಂಡು. ನನಗೆ ಕಂಡದ್ದು ಆ ಜಾರುಪದರವೇ ಹೌದೋ ಅಲ್ಲವೋ, ಅದು ಕಾಲೇಜಿನ ದೊಡ್ಡ ಮೈಕ್ರೋಸ್ಕೋಪಿನಲ್ಲೇ ಗೊತ್ತಾಗಬೇಕು ಎಂದರು ಮೇಡಂ. ವಾರ ಬಿಟ್ಟು ಮೊಬೈಲಿನಲ್ಲಿ ಅದರ ಚಿತ್ರ ತೋರಿಸಿದರು. ಹೌದು, ಅದೇ. ಆದರೆ ಎಲ್ಲ ಕಡೆ ಸಮನಾಗಿಲ್ಲ. ಅಲ್ಲಲ್ಲಿ ಹರಿದಿದೆ, ಹರಿದಲ್ಲಿ ಮತ್ತೆ ಹರಡಿಕೊಂಡಿದೆ.

ಎಲ್ಲದರಲ್ಲೂ ಗೆದ್ದೆವೆಂದು ಹೇಳುವಂತಿಲ್ಲ. ಬಜಾರಿನಿಂದ ಬರುವ ಉಕ್ಕಿನ ಸರಳಿನ ಮೇಲೆ ಕಪ್ಪು, ಒರಟು ಸಿಪ್ಪೆ ಇರುತ್ತದೆ. ಅದನ್ನು ಮೊದಲು ದಪ್ಪವಾಗಿ ಕಡೆದು ತೆಗೆಯಬೇಕು. ಮೂರನೆಯ ಟಿಪ್ಪನ್ನು ಅದಕ್ಕೆ ಹಚ್ಚಿದಾಗ ಒಂದೇ ನಿಮಿಷಕ್ಕೆ ಮೂಲೆ ಉದುರಿತು. ಈ ಸಲ ನೀರು ಹತ್ತಿರವೂ ಸುಳಿದಿರಲಿಲ್ಲ. ಇನ್ನೊಂದು ಮೂಲೆ ತಿರುಗಿಸಿ ಹಚ್ಚಿದರು, ಅದೂ ಉದುರಿತು. ಎರಡನ್ನೂ ಇದ್ದದ್ದು ಇದ್ದ ಹಾಗೆ ಬರೆದೆ. ಗಟ್ಟಿತನ ಬಿಟ್ಟುಕೊಟ್ಟೇ ಜಾರುವ ಗುಣ ಪಡೆದದ್ದು, ಏಟು ತಡೆಯುವುದಿಲ್ಲ, ಎಂದರು ಮೇಡಂ. ನಯವಾದ ಕೊನೆಯ ಕಡೆತಕ್ಕೆ ಮಾತ್ರ ಇದು; ಒರಟು ಕೆಲಸಕ್ಕೆ ಅವರು ಮೊದಲಿನಿಂದ ಬಳಸುತ್ತಿದ್ದ, ಏಟು ತಡೆಯುವ ಕಾರ್ಬೈಡ್ ಟಿಪ್ಪೇ ಬೇಕು, ಅದಕ್ಕೆ ಕೂಲೆಂಟೂ ಬೇಕು.

ಅಂದರೆ ಅರ್ಧ ಕೆಲಸಕ್ಕೆ ಕೈ ಉಳಿಯಿತು, ಅರ್ಧಕ್ಕೆ ಇಲ್ಲ. ಮನೆಯವರು ಎರಡು ದಿನ ಲೇತ್ ಮುಂದೆ ಸುಮ್ಮನೆ ಸ್ಟೂಲ್ ಹಾಕಿಕೊಂಡು ಕೂತರು. ಸರಳಿನಿಂದ ಹೊಳೆಯುವ ಶಾಫ್ಟಿನವರೆಗೆ ಒಂದೇ ಕೈಯಲ್ಲಿ ಮಾಡುವುದು ಅವರ ಹೆಮ್ಮೆ. ಬೇರೆಯವರು ಮುಟ್ಟಿದ ಜಾಬನ್ನು, ಅಂದರೆ ಅರ್ಧ ಕಡೆದ ತುಂಡನ್ನು, ಅವರು ಒಳಗೇ ತರುತ್ತಿರಲಿಲ್ಲ. ಗಿರಾಕಿಗೆ ಹೊಸ ಸರಳು ತರಲು ಹೇಳುತ್ತಿದ್ದರು. ಮೂರನೆಯ ದಿನ ಎದ್ದು ಪಕ್ಕದ ಶಾಪಿಗೆ ಹೋದರು. ನಾನೂ ಹಿಂದೆ ಹೋದೆ.

"ಒರಟು ಕೆಲಸ ನೀನು ಮಾಡು. ಫಿನಿಶಿಂಗ್ ನನಗೆ ಕಳ್ಸು. ನಿನ್ನ ಜಾಬ್‌ಗಳದ್ದೂ ಮಾಡ್ಕೊಡ್ತೀನಿ."

ಅವನು ಬಾಯಿ ತೆರೆದು ಏನೋ ಚೇಷ್ಟೆ ಮಾಡಲು ಹೊರಟವನು, ಅವರ ಕೈಗಳ ಕಡೆ ನೋಡಿ ನಿಲ್ಲಿಸಿದ. "ನಿಮ್ ಕಡೆತಕ್ಕೆ ಅಂತ ಎಷ್ಟು ಬಿಡ್ಲಣ್ಣಾ ಮೇಲೆ?"

"ಅರ್ಧ ಮಿಲಿಮೀಟರ್. ಕೂದಲಷ್ಟು ಹೆಚ್ಚು ಬಿಟ್ರೂ ವಾಪಸ್ ಎಸೀತೀನಿ."

"ಎಸೀರಿ. ಕ್ಯಾಚ್ ಹಿಡೀತೀನಿ."

ಕಾಲೇಜಿನಿಂದ ಹೊಸ ಟಿಪ್‌ಗಳು ಮಳೆಗಾಲ ಮುಗಿಯುವ ಹೊತ್ತಿಗೆ ಬಂದವು. ಅಷ್ಟರಲ್ಲಿ ಗುಳ್ಳೆಗಳು ಅಡಗಿ, ಬೆರಳ ಸಂದಿನ ಚರ್ಮ ಗುಲಾಬಿ ಬಣ್ಣಕ್ಕೆ ತಿರುಗಿತ್ತು. ಪೂರ್ತಿ ವಾಸಿಯಾಗಿದೆ ಎನ್ನಲಾರೆ. ಯಾವಾಗಲಾದರೂ ಮರೆತು ಪಕ್ಕದವನ ಒದ್ದೆ ಶಾಫ್ಟನ್ನು ಒರೆಸದೆ ಮುಟ್ಟಿದರೆ ಮರುದಿನವೇ ತುರಿಕೆ. ಹಾಗಾಗಿ ಅಲ್ಲಿಂದ ಬಂದದ್ದನ್ನೆಲ್ಲ ಮೊದಲು ನಾನು ಬಟ್ಟೆಯಲ್ಲಿ ಒರೆಸುತ್ತೇನೆ. ವಾರಕ್ಕೆ ಎರಡು ದಿನ ಹೋಗುತ್ತೇನೆ. ನಾನಿಲ್ಲದ ದಿನ ಅವನೇ ಒರೆಸಿ ಕಳಿಸುತ್ತಾನೆ.

ಮೊನ್ನೆ ಅಕ್ಕಿ ಗಿರಣಿಯವರೊಬ್ಬರು ಶಾಫ್ಟು ಒಯ್ಯಲು ಬಂದಿದ್ದರು. ಬೆಳಕಿಗೆ ಹಿಡಿದು ತಿರುಗಿಸಿ ನೋಡಿ, "ಏನ್ ನೈಸಾಗಿದೆ! ಪೂರ್ತಿ ನಿಮ್ದೇ ಕೈಕೆಲಸ ಅಲ್ವಾ?" ಎಂದರು.

ನಾನು ಬರೆಯುತ್ತಿದ್ದವಳು ಪೆನ್ನು ಎತ್ತಿದೆ.

"ಇಲ್ಲ. ಒರಟು ಕಡೆದಿದ್ದು ಪಕ್ಕದವನು," ಎಂದರು ಮನೆಯವರು. "ಅವನ ಹತ್ರಾನೂ ಮಾತಾಡ್ಕೊಂಡು ಹೋಗಿ." ಹಾಗೆಂದು ಮುಂದಿನ ಜಾಬನ್ನು ಲೇತಿಗೆ ಕಟ್ಟಲು ತಿರುಗಿದರು.